‘ಅಫ್ಲಿಕ್ಟೆಡ್’ ಬರೆಯುವ ಮೊದಲು: ಅರ್ಜಿ, ಮನವಿ, ಅನುವಾದ ಮಾಡುವವರಿಗೆ

“ಪೀಡಿತ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಅಫ್ಲಿಕ್ಟೆಡ್ ಅಂತ ಬರೆದರೆ ಸರಿಯಾಗುತ್ತದಾ?” ಈ ಪ್ರಶ್ನೆ ಬಾರದ ತಿಂಗಳಿಲ್ಲ. ಚಿಕಿತ್ಸಾ ಸಹಾಯದ ಅರ್ಜಿ ಹಿಡಿದು ಅಕ್ಷಯ ಕೇಂದ್ರಕ್ಕೆ, ಅಂದರೆ ಕೇರಳದಲ್ಲಿ ಸರಕಾರಿ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ಹಾಕಿಕೊಡುವ ಜಾಗಕ್ಕೆ, ಹೊರಟವರು ಕೇಳುತ್ತಾರೆ. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮದಲ್ಲಿ ಓದಿ, ಪ್ಲಸ್ ಟು ಸೇರಿದ ಮೇಲೆ ಇಂಗ್ಲಿಷ್ ನೋಡಿ ಕಂಗಾಲಾದ ಮಕ್ಕಳು ಕೇಳುತ್ತಾರೆ. ಊರಿನ ಕ್ಲಬ್ಬಿನ ಮನವಿಯನ್ನು ಇಂಗ್ಲಿಷಿಗೆ ಮಾಡಲು ಕೂತವರಂತೂ ಈ ಒಂದು ಪದದ ಎದುರು ಅರ್ಧ ಗಂಟೆ ಕೂತುಬಿಡುತ್ತಾರೆ.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಸಲ ನಿಮಗೆ ಆ ಪದ ಬೇಕಾಗಿಲ್ಲ. ಬೇಕಾದ ಕೆಲವೇ ಸಲ ಅದನ್ನು ಸರಿಯಾಗಿ ಕೂರಿಸಬೇಕು, ಅಷ್ಟೇ. ಎಲ್ಲಿ ಬೇಕು, ಎಲ್ಲಿ ಬೇಡ, ಬೇಕಾದಲ್ಲಿ ಹೇಗೆ ಅನ್ನುವುದನ್ನು ಕೆಳಗೆ ಹಂತ ಹಂತವಾಗಿ ಬರೆದಿದ್ದೇನೆ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಸ್ಪೆಲ್ಲಿಂಗಿಗೆ ನಿಘಂಟು ನೋಡಿಕೊಳ್ಳಿ. ಒಂದನ್ನು ಮಾತ್ರ ಈಗಲೇ ಹೇಳುತ್ತೇನೆ: ಈ ಪದದಲ್ಲಿ ‘ಎಫ್’ ಎರಡು ಸಲ ಬರುತ್ತದೆ.

ಬೇಕಾದದ್ದು ಹೆಚ್ಚೇನಿಲ್ಲ. ಒಂದು ಕಾಗದ, ಒಂದು ಪೆನ್ನು, ಉದಾಹರಣೆ ವಾಕ್ಯ ಕೊಡುವ ಒಂದು ನಿಘಂಟು. ಬರೀ ಅರ್ಥ ಕೊಡುವ ನಿಘಂಟು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. “ಅಫ್ಲಿಕ್ಟ್: ಪೀಡಿಸು, ಬಾಧಿಸು” ಅಂತ ಹೇಳಿ ಅದು ಸುಮ್ಮನಾಗುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿಂದ. ಅರ್ಜಿಯಾದರೆ ಡಾಕ್ಟರು ಕೊಟ್ಟ ಸರ್ಟಿಫಿಕೇಟಿನ ನಕಲೂ ಪಕ್ಕದಲ್ಲಿರಲಿ.

1. ಇಂಗ್ಲಿಷ್ ಬೇಕೇ ಬೇಕಾ, ನೋಡಿ

ಇದನ್ನು ಯಾರೂ ಯೋಚಿಸುವುದಿಲ್ಲ, ಅದಕ್ಕೇ ಮೊದಲ ಹಂತವಾಗಿ ಇಟ್ಟೆ. ಕಾಸರಗೋಡಿನ ಕನ್ನಡಿಗರು ಸರಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು. 1969ರ ಕೇರಳದ ಅಧಿಕೃತ ಭಾಷಾ ಕಾನೂನು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಈ ಅವಕಾಶ ಕೊಟ್ಟಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎನ್ನುತ್ತದೆ. ಪಂಚಾಯತಿಗೋ ವಿಲೇಜ್ ಆಫೀಸಿಗೋ ಕೊಡುವ ಕಾಗದವಾದರೆ ನೆಟ್ಟಗೆ ಕನ್ನಡದಲ್ಲೇ ಬರೆಯಿರಿ. ನಾಲ್ಕು ತಪ್ಪಿರುವ ಇಂಗ್ಲಿಷಿಗಿಂತ ತಪ್ಪಿಲ್ಲದ ಕನ್ನಡ ಮೇಲು.

ಬೇರೆ ರಾಜ್ಯದ ಆಸ್ಪತ್ರೆ, ದಿಲ್ಲಿಯ ಕಚೇರಿ, ಟ್ರಸ್ಟು, ಕಾಲೇಜು, ವಿಮಾ ಕಂಪನಿ ಅಂತಾದರೆ ಇಂಗ್ಲಿಷ್ ಬೇಕಾಗುತ್ತದೆ. ಆಗ ಮುಂದೆ ಓದಿ.

2. ಪದದ ಹೊಟ್ಟೆಯೊಳಗೆ ಏನಿದೆ?

ಅಫ್ಲಿಕ್ಟ್ ಲ್ಯಾಟಿನ್ ಮೂಲದ ಪದ. ಅದರೊಳಗಿರುವ ‘ಫ್ಲಿಗೆರೆ’ ಅನ್ನುವ ಧಾತುವಿಗೆ ಬಡಿ, ಅಪ್ಪಳಿಸು ಅಂತ ಅರ್ಥ. ಅದೇ ಧಾತುವಿನಿಂದ ಇನ್ನೆರಡು ಪದ ಬಂದಿವೆ. ಒಂದು ಕಾನ್‌ಫ್ಲಿಕ್ಟ್, ಅಂದರೆ ಒಬ್ಬರಿಗೊಬ್ಬರು ಬಡಿದಾಡುವುದು. ಇನ್ನೊಂದು ಇನ್‌ಫ್ಲಿಕ್ಟ್, ಅದರ ಕಥೆ ಮುಂದೆ ಬರುತ್ತದೆ.

ಹಾಗಾಗಿ ಅಫ್ಲಿಕ್ಟೆಡ್ ಅಂದರೆ ಬರೀ ಹುಷಾರಿಲ್ಲದವನಲ್ಲ. ಏನೋ ಬಂದು ಬಡಿದು ಕೆಡವಿದೆ, ಆ ಹೊಡೆತದಿಂದ ಎದ್ದೇಳಲು ಆಗುತ್ತಿಲ್ಲ ಎಂಬ ಭಾವ ಅದರಲ್ಲಿದೆ. ನಮಗಿದು ಹೊಸದೇನಲ್ಲ. ‘ಗರ ಬಡಿದ ಹಾಗೆ ಕೂತಿದ್ದಾನೆ’ ಅನ್ನುತ್ತೇವೆ. ‘ಪಾರ್ಶ್ವವಾಯು ಬಡಿಯಿತು’ ಅನ್ನುತ್ತೇವೆ. ಇಂಗ್ಲಿಷಿನವರು ಪಾರ್ಶ್ವವಾಯುವಿಗೆ ಸ್ಟ್ರೋಕ್ ಅನ್ನುವುದೂ ಹೊಡೆತ ಅನ್ನುವ ಅರ್ಥದಲ್ಲೇ.

ಉಚ್ಚಾರ: ಒತ್ತು ಎರಡನೇ ಭಾಗಕ್ಕೆ. ಅ-‘ಫ್ಲಿಕ್’-ಟಿಡ್. ‘ಅಪ್ಲಿಕ್ಟೆಡ್’ ಅಂತ ಪಕಾರ ಮಾಡಿದರೆ ಕೇಳುವವರಿಗೆ ಅಪ್ಲಿಕೇಶನ್ನಿನ ನೆನಪಾದೀತು.

3. ವಾಕ್ಯವನ್ನು ತಿರುಗಿಸಿ

ನಾನು ನೋಡಿದ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ನಾವು ‘ನನಗೆ ಜ್ವರ ಬಂದಿದೆ’ ಅನ್ನುತ್ತೇವೆ. ತುಳುವಿನಲ್ಲಿ ‘ಎಂಕ್ ಜ್ವರ ಬೈದ್ಂಡ್’. ಮಲಯಾಳದಲ್ಲಿ ‘ಎನಿಕ್ಕ್ ಪನಿ ವನ್ನು’. ನಮ್ಮ ಜಿಲ್ಲೆಯಲ್ಲಿ ದಿನಾ ಕಿವಿಗೆ ಬೀಳುವ ಈ ಮೂರೂ ಭಾಷೆಗಳಲ್ಲಿ ನಡೆದಾಡುವುದು ಜ್ವರ. ನಾವು ಅದು ಬಂದು ಸೇರುವ ಮನೆ ಇದ್ದ ಹಾಗೆ. ವ್ಯಾಕರಣದಲ್ಲಿ ಹೇಳುವುದಾದರೆ, ಜ್ವರ ಕರ್ತೃ, ನಾವು ‘ಗೆ’ ಪ್ರತ್ಯಯದ ಜನ.

ಇದೇ ಅಭ್ಯಾಸದಲ್ಲಿ ಇಂಗ್ಲಿಷ್ ಬರೆದರೆ ‘ಫೀವರ್ ಈಸ್ ಅಫ್ಲಿಕ್ಟೆಡ್ ಟು ಮಿ’ ಅಂತಾಗುತ್ತದೆ. ಅದರ ಅರ್ಥ, ಅರ್ಥ ಅಂತ ಇದ್ದರೆ, ಜ್ವರಕ್ಕೇ ಯಾರೋ ಹೊಡೆದಿದ್ದಾರೆ ಎಂದು!

ಅಫ್ಲಿಕ್ಟ್ ಸಕರ್ಮಕ ಕ್ರಿಯಾಪದ. ಅಂದರೆ ಯಾರಿಗೆ ಅನ್ನುವುದು ಇಲ್ಲದೆ ಅದು ನಿಲ್ಲುವುದಿಲ್ಲ. ಕೂರಿಸುವುದಕ್ಕೆ ಎರಡು ದಾರಿ ಇವೆ.

ನೇರ ದಾರಿ: ಕಾಯಿಲೆ ಮೊದಲು, ಜನ ಆಮೇಲೆ. ‘ದ ಡಿಸೀಸ್ ಅಫ್ಲಿಕ್ಟ್ಸ್ ಮೆನಿ ಫ್ಯಾಮಿಲೀಸ್ ಹಿಯರ್.’ ಈ ಕಾಯಿಲೆ ಇಲ್ಲಿನ ಹಲವು ಕುಟುಂಬಗಳನ್ನು ಕಾಡುತ್ತದೆ. ನಮ್ಮ ‘ಕಾಡು’ ಅನ್ನುವ ಕ್ರಿಯಾಪದ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಪೀಡಿಸು, ಬಾಧಿಸು ಎರಡಕ್ಕಿಂತಲೂ ಚೆನ್ನಾಗಿ ಅಂತ ನನ್ನ ಅಭಿಪ್ರಾಯ.

ತಿರುಗಿಸಿದ ದಾರಿ: ಜನ ಮೊದಲು, ಕಾಯಿಲೆ ಆಮೇಲೆ. ‘ಮೆನಿ ಫ್ಯಾಮಿಲೀಸ್ ಹಿಯರ್ ಆರ್ ಅಫ್ಲಿಕ್ಟೆಡ್ ವಿತ್ ದ ಡಿಸೀಸ್.’ ಇದು ಕರ್ಮಣಿ ಪ್ರಯೋಗ. ಬಳಕೆಯಲ್ಲಿ ಇದೇ ಜಾಸ್ತಿ.

ಇಲ್ಲಿ ಮೂರು ಹೊಂಡಗಳಿವೆ.

‘ಐ ಆಮ್ ಅಫ್ಲಿಕ್ಟಿಂಗ್’ ಅಂತ ಬರೆಯಬೇಡಿ. ಸಫರಿಂಗ್ ಸರಿ ಎಂದಾದರೆ ಅಫ್ಲಿಕ್ಟಿಂಗ್ ಯಾಕಲ್ಲ ಅಂತ ಕೇಳುತ್ತಾರೆ. ಸಫರ್ ಅಂದರೆ ನರಳು. ಅಫ್ಲಿಕ್ಟ್ ಅಂದರೆ ನರಳಿಸು. ‘ಐ ಆಮ್ ಅಫ್ಲಿಕ್ಟಿಂಗ್’ ಅಂದರೆ ನಾನು ಯಾರಿಗೋ ಕಾಟ ಕೊಡುತ್ತಿದ್ದೇನೆ ಎಂದಾಯಿತು. ರಜೆ ಕೊಡುವವರಿಗೆ ಹಾಗನ್ನಿಸಿದರೂ ಅನ್ನಿಸೀತು, ನೀವಾಗಿ ಬರೆದುಕೊಡಬೇಡಿ.

ಇನ್‌ಫ್ಲಿಕ್ಟ್ ಜೊತೆ ಬೆರೆಸಬೇಡಿ. ಎರಡಕ್ಕೂ ತಾಯಿ ಒಂದೇ, ಗುಣ ಬೇರೆ. ಅಫ್ಲಿಕ್ಟ್ ಆದ ಮೇಲೆ ಬರುವುದು ನೋವು ಉಂಡವರ ಹೆಸರು. ಇನ್‌ಫ್ಲಿಕ್ಟ್ ಆದ ಮೇಲೆ ಬರುವುದು ನೋವಿನ ಹೆಸರು, ಆಮೇಲೆ ‘ಆನ್’, ಆಮೇಲೆ ಉಂಡವರು. ‘ದ ಸ್ಟಾರ್ಮ್ ಇನ್‌ಫ್ಲಿಕ್ಟೆಡ್ ಹೆವಿ ಲಾಸಸ್ ಆನ್ ದ ಫಾರ್ಮರ್ಸ್.’ ಗಾಳಿಮಳೆ ಕೃಷಿಕರಿಗೆ ಭಾರೀ ನಷ್ಟ ಮಾಡಿತು. ಇಲ್ಲಿ ಅಫ್ಲಿಕ್ಟೆಡ್ ಹಾಕಿದರೆ ವಾಕ್ಯ ನಿಲ್ಲುವುದಿಲ್ಲ.

ಮೂರನೆಯದು ನಗು ಬರಿಸುವಂಥದ್ದು. ಒಬ್ಬ ಹುಡುಗ ಬಯೋಡೇಟಾದಲ್ಲಿ ತನ್ನ ಕಾಲೇಜು ವಿಶ್ವವಿದ್ಯಾಲಯಕ್ಕೆ ‘ಅಫ್ಲಿಕ್ಟೆಡ್’ ಎಂದು ಬರೆದಿದ್ದ. ಬೇಕಾದದ್ದು ‘ಅಫಿಲಿಯೇಟೆಡ್’, ಅಂದರೆ ಸಂಯೋಜಿತ. ಅವನು ಬರೆದದ್ದರಲ್ಲಿ ಸತ್ಯಾಂಶ ಇಲ್ಲ ಅಂತ ಹೇಳಲು ನನಗೂ ಧೈರ್ಯ ಬರಲಿಲ್ಲ. ಆದರೂ ತಿದ್ದಿಸಿದೆ.

4. ವಿತ್, ಬೈ ಹಾಕಿ, ಫ್ರಮ್ ಬೇಡ

ಕಾಯಿಲೆ, ಮೈಯೊಳಗಿನ ತೊಂದರೆಗೆ ‘ವಿತ್’. ಹೊರಗಿನಿಂದ ಬಂದ ಬರ, ಯುದ್ಧ, ಬಡತನಕ್ಕೆ ‘ಬೈ’. ಇದು ಕಲ್ಲಿನಲ್ಲಿ ಕೆತ್ತಿದ ನಿಯಮವಲ್ಲ. ನಿಘಂಟುಗಳು ಎರಡನ್ನೂ ಒಪ್ಪುತ್ತವೆ. ಆದರೆ ‘ಅಫ್ಲಿಕ್ಟೆಡ್ ಫ್ರಮ್’ ಅನ್ನು ಯಾವ ನಿಘಂಟೂ ಒಪ್ಪುವುದಿಲ್ಲ.

ಆ ಫ್ರಮ್ ಬರುವುದು ಎಲ್ಲಿಂದ ಗೊತ್ತಾ? ‘ಜ್ವರದಿಂದ ಬಳಲುತ್ತಿದ್ದಾರೆ’ ಅನ್ನುವ ನಮ್ಮ ‘ಇಂದ’ದಿಂದ. ‘ಸಫರ್ ಫ್ರಮ್’ ಆ ‘ಇಂದ’ಕ್ಕೆ ಸರಿಯಾಗಿ ಕೂರುತ್ತದೆ. ಅದೇ ಧೈರ್ಯದಲ್ಲಿ ಇಲ್ಲೂ ಹಾಕಿಬಿಡುತ್ತೇವೆ.

5. ತೂಕ ನೋಡಿ

ಅಫ್ಲಿಕ್ಟೆಡ್ ಭಾರದ ಪದ. ದೀರ್ಘ ಕಾಲ ಕಾಡುವ, ಬದುಕನ್ನೇ ಕುಗ್ಗಿಸುವ ಸಂಗತಿಗೆ ಮಾತ್ರ ಅದು. ಎರಡು ದಿನದ ಶೀತಕ್ಕೆ, ಹಲ್ಲುನೋವಿಗೆ ಹಾಕಿದರೆ ಇಂಗ್ಲಿಷ್ ಬಲ್ಲವರು ತಮಾಷೆ ಅಂದುಕೊಳ್ಳುತ್ತಾರೆ. ನಿಜಕ್ಕೂ ಇಂಗ್ಲಿಷಿನಲ್ಲಿ ಹಾಗೆ ತಮಾಷೆಗೆ ಬಳಸುವ ರೂಢಿ ಇದೆ. ಸಣ್ಣ ತೊಂದರೆಗೆ ದೊಡ್ಡ ಪದ ಹಾಕಿ ನಗಿಸುವ ಉಪಾಯ ಅದು. ರಜಾ ಅರ್ಜಿಯಲ್ಲಿ ಅದು ನಿಮ್ಮ ಉದ್ದೇಶ ಅಲ್ವಲ್ಲ.

ಹಾಗಾದರೆ ಏನು ಬರೆಯಬೇಕು? ಹಗುರದಿಂದ ಶುರು ಮಾಡುತ್ತೇನೆ.

ಜ್ವರಕ್ಕೆ ‘ಐ ಹ್ಯಾವ್ ಎ ಫೀವರ್’ ಸಾಕು. ‘ಐ ಆಮ್ ಡೌನ್ ವಿತ್ ಫೀವರ್’ ಅಂದರೆ ಜ್ವರದಲ್ಲಿ ಮಲಗಿದ್ದೇನೆ ಅಂದ ಹಾಗೆ. ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ‘ಐ ಆಮ್ ಸಫರಿಂಗ್ ಫ್ರಮ್ ಫೀವರ್’ ತಪ್ಪಲ್ಲ. ಸ್ವಲ್ಪ ಹಳೇ ಕಾಲದ್ದು, ಸ್ವಲ್ಪ ಅತಿ. ಪರೀಕ್ಷೆಯಲ್ಲಿ ಬರೆದರೆ ಅಂಕ ಕಡಿಮೆಯಾಗಲಾರದು.

ದೊಡ್ಡ ಕಾಯಿಲೆ ಗೊತ್ತಾದಾಗ ‘ಮೈ ಫಾದರ್ ವಾಸ್ ಡಯಾಗ್ನೋಸ್ಡ್ ವಿತ್ ಕಿಡ್ನಿ ಡಿಸೀಸ್ ಇನ್ 2022’. ಡಯಾಗ್ನೋಸ್ಡ್ ಅಂದರೆ ಪರೀಕ್ಷೆ ಮಾಡಿ ಇದೇ ಕಾಯಿಲೆ ಎಂದು ಡಾಕ್ಟರು ಹೇಳಿದ್ದು. ಚಿಕಿತ್ಸಾ ಸಹಾಯದ ಅರ್ಜಿಗೆ ಇದರಷ್ಟು ಒಳ್ಳೆಯ ವಾಕ್ಯ ಬೇರೆ ಇಲ್ಲ. ಕಾಯಿಲೆ ಯಾವುದು, ಯಾವಾಗ ಗೊತ್ತಾಯಿತು ಎರಡೂ ಒಂದೇ ಸಾಲಿನಲ್ಲಿ ಬಂದುಬಿಡುತ್ತವೆ. ಹಣ ಕೊಡುವವರಿಗೆ ಬೇಕಾದದ್ದೂ ಅದೇ. ಈಗಲೂ ಮದ್ದು ನಡೆಯುತ್ತಿದ್ದರೆ ‘ಹಿ ಈಸ್ ಅಂಡರ್ ಟ್ರೀಟ್‌ಮೆಂಟ್’ ಸೇರಿಸಿ.

ಹಾಸಿಗೆ ಹಿಡಿದವರಿಗೆ ‘ಬೆಡ್‌ರಿಡನ್’. ಇಲ್ಲಿನ ಪಾಲಿಯೇಟಿವ್ ನರ್ಸುಗಳ ಬಾಯಲ್ಲಿ ನೀವು ಕೇಳುವ ಮಲಯಾಳದ ‘ಕಿಡಪ್ಪುರೋಗಿ’ ಇದೇ. ಬೆಡ್‌ರಿಡನ್ ಪದದ ಮೂಲ ಹಳೆಯ ಇಂಗ್ಲಿಷಿನ ‘ಹಾಸಿಗೆಯ ಸವಾರ’ ಅನ್ನುವ ಮಾತು. ನಾವು ಹಾಸಿಗೆಯನ್ನು ಹಿಡಿಯುತ್ತೇವೆ, ಅವರು ಹಾಸಿಗೆಯನ್ನು ಏರುತ್ತಿದ್ದರು.

‘ಸ್ಮಿಟನ್’ ಬೇಡ. ಹಳೆಯ ಪುಸ್ತಕಗಳಲ್ಲಿ ಅದಕ್ಕೆ ಕಾಯಿಲೆ ಬಡಿದವನು ಎಂಬ ಅರ್ಥ ಉಂಟು. ಈಗ ಅದು ಹೆಚ್ಚಾಗಿ ಪ್ರೀತಿಯಲ್ಲಿ ಬಿದ್ದವರಿಗೆ.

6. ಊರು, ಬೆಳೆ, ಸಾಲದ ವಿಷಯವಾದರೆ ಬೇರೆ ಪದಗಳಿವೆ

ಕನ್ನಡದಲ್ಲಿ ನಮಗೆ ‘ಪೀಡಿತ’ ಒಂದೇ ಸಾಕಾಗುತ್ತದೆ. ಬರಪೀಡಿತ, ನೆರೆಪೀಡಿತ, ರೋಗಪೀಡಿತ ಅಂತ ಎಲ್ಲದಕ್ಕೂ ಅದೇ ಬಾಲ. ಇಂಗ್ಲಿಷಿನಲ್ಲಿ ಒಂದೊಂದಕ್ಕೆ ಒಂದೊಂದು ಬಾಲ.

ಬರ, ನೆರೆಗೆ ‘ಅಫೆಕ್ಟೆಡ್’ ಅಥವಾ ‘ಹಿಟ್’: ಡ್ರೌಟ್-ಹಿಟ್, ಫ್ಲಡ್-ಅಫೆಕ್ಟೆಡ್. ಪತ್ರಿಕೆಗೆ ಹಿಟ್, ಅರ್ಜಿಗೆ ಅಫೆಕ್ಟೆಡ್. ಬಡತನ, ದುಃಖ, ಗಾಬರಿಗೆ ‘ಸ್ಟ್ರಿಕನ್’: ಪಾವರ್ಟಿ-ಸ್ಟ್ರಿಕನ್, ಗ್ರೀಫ್-ಸ್ಟ್ರಿಕನ್. ಇದು ಸ್ಟ್ರೈಕ್ ಅನ್ನುವುದರ ಹಳೇ ರೂಪ, ಅಲ್ಲಿಗೆ ಮತ್ತೆ ‘ಬಡಿ’ಗೇ ಬಂದೆವು. ಸಾಲಕ್ಕೆ ‘ರಿಡನ್’: ಡೆಟ್-ರಿಡನ್. ನಮ್ಮ ‘ಸಾಲದ ಹೊರೆ’ ಬೆನ್ನ ಮೇಲೆ ಕೂತ ಹಾಗೆಯೇ.

‘ಪ್ರೋನ್’ ಬಗ್ಗೆ ಎಚ್ಚರ. ಫ್ಲಡ್-ಪ್ರೋನ್ ಅಂದರೆ ನೆರೆ ಬಂದ ಜಾಗವಲ್ಲ, ಆಗಾಗ ನೆರೆ ಬರುವ ಸ್ವಭಾವದ ಜಾಗ. ಕೇಂದ್ರ ಸರಕಾರ 1973-74ರಲ್ಲಿ ಶುರು ಮಾಡಿದ ಬರ ಪ್ರದೇಶಗಳ ಕಾರ್ಯಕ್ರಮದ ಇಂಗ್ಲಿಷ್ ಹೆಸರಿನಲ್ಲಿ ‘ಡ್ರೌಟ್ ಪ್ರೋನ್’ ಇತ್ತು. ಆ ವರ್ಷ ಬರ ಬಿದ್ದಿರಲಿ ಬಿಡಲಿ, ಬೀಳುವ ಊರುಗಳು ಎಂದು ಅರ್ಥ. ಮೊನ್ನೆಯ ಮಳೆಗೆ ನಿಮ್ಮ ಮನೆಯೊಳಗೆ ನೀರು ನುಗ್ಗಿ ಪರಿಹಾರ ಕೇಳುತ್ತಿದ್ದೀರಿ ಅಂದರೆ ಪ್ರೋನ್ ಬರೆಯಬೇಡಿ. ಆದದ್ದನ್ನು ಆಗಬಹುದಾದದ್ದು ಅಂತ ನೀವೇ ಬರೆದುಕೊಟ್ಟ ಹಾಗಾಗುತ್ತದೆ.

ಅಡಿಕೆ ತೋಟಕ್ಕೆ ಕೊಳೆರೋಗ ಬಂದರೆ ‘ಅಫೆಕ್ಟೆಡ್ ಬೈ’ ಸಾಕು. ಮರಗಿಡಗಳಿಗೆ ಅಫ್ಲಿಕ್ಟೆಡ್ ಹಾಕಬಾರದೆಂದಲ್ಲ, ಹಾಕಿದರೆ ಸ್ವಲ್ಪ ಕವಿತೆಯಾಗುತ್ತದೆ. ಕೊಳೆರೋಗಕ್ಕೆ ಇಂಗ್ಲಿಷ್ ಪದ ಹುಡುಕಿ ಸುಸ್ತಾಗಬೇಡಿ. ಸಸ್ಯರೋಗ ಶಾಸ್ತ್ರದ ಇಂಗ್ಲಿಷ್ ಪುಸ್ತಕಗಳಲ್ಲೂ ಅದರ ಹೆಸರು ಕೊಳೆರೋಗವೇ. ನಮ್ಮಿಂದ ಅವರು ಎರವಲು ತಗೊಂಡ ಪದ ಅದು. ಕಾಫಿಗೆ ಬರುವ ಕಪ್ಪು ಕೊಳೆಯ ಶಿಲೀಂಧ್ರಕ್ಕೆ ವಿಜ್ಞಾನಿಗಳು ಇಟ್ಟ ಹೆಸರಲ್ಲೂ ಕೊಳೆರೋಗ ಇದೆ: ‘ಕೊಳೆರೋಗ ನೋಕ್ಸಿಯಾ’. ಇಂಗ್ಲಿಷ್ ಅಕ್ಷರದಲ್ಲಿ ‘ಳ’ ಇಲ್ಲದ ಕಾರಣ ಅದನ್ನು ‘ಕೊಲೆರೋಗ’ ಎಂದೂ ಓದಬಹುದು. ಗೊನೆ ಉದುರಿದ ತೋಟದಲ್ಲಿ ನಿಂತವರಿಗೆ ಎರಡೂ ಒಂದೇ.

ಹುಳ ಬಿದ್ದರೆ ‘ಇನ್‌ಫೆಸ್ಟೆಡ್ ವಿತ್’. ತೆಂಗಿಗೆ ಕೆಂಪು ಮೂತಿ ಹುಳ ಬಿದ್ದದ್ದಕ್ಕೆ ಇದು. ರೋಗಾಣು ತಗುಲಿದರೆ ‘ಇನ್‌ಫೆಕ್ಟೆಡ್ ವಿತ್’, ಅಂದರೆ ಸೋಂಕು. ಸೋಂಕು ಅಲ್ಲದ ಕಾಯಿಲೆಗೆ, ಸಕ್ಕರೆ ಕಾಯಿಲೆಗೋ ಕ್ಯಾನ್ಸರಿಗೋ, ಇನ್‌ಫೆಕ್ಟೆಡ್ ಬರೆಯಲೇಬಾರದು. ಓದುವವರು ಹೆದರಿ ದೂರ ಕೂರುತ್ತಾರೆ.

7. ಮನುಷ್ಯರ ಬಗ್ಗೆ, ಅದರಲ್ಲೂ ಅಂಗವೈಕಲ್ಯದ ಬಗ್ಗೆ ಬರೆಯುವಾಗ ಪೆನ್ನು ಕೆಳಗಿಡಿ

ಕೆಳಗಿಟ್ಟು ಒಂದು ನಿಮಿಷ ಯೋಚಿಸಿ ಅಂತ.

‘ಷಿ ಈಸ್ ಅಫ್ಲಿಕ್ಟೆಡ್ ವಿತ್ ಬ್ಲೈಂಡ್‌ನೆಸ್.’ ವ್ಯಾಕರಣದಲ್ಲಿ ತಪ್ಪಿಲ್ಲ. ವಿತ್ ಕೂಡ ಸರಿ. ಆದರೂ ಬರೆಯಬೇಡಿ. ಕಣ್ಣು ಕಾಣದ ಹುಡುಗಿ ಓದಿ, ಕೆಲಸ ಮಾಡಿ, ಬಸ್ಸು ಹತ್ತಿ ಓಡಾಡುತ್ತಿರಬಹುದು. ನೀವು ಒಂದು ಪದದಲ್ಲಿ ಅವಳನ್ನು ಕೆಡವಿ ಮಲಗಿಸಿದಿರಿ. ಅವಳಿಗೆ ತೊಂದರೆ ಕೊಡುತ್ತಿರುವುದು ಕಣ್ಣೋ, ಮೆಟ್ಟಿಲು ಎತ್ತರದ ಬಸ್ಸೋ? ಈ ಪ್ರಶ್ನೆಗೆ ಅಫ್ಲಿಕ್ಟೆಡ್ ಮೊದಲೇ ಉತ್ತರ ಕೊಟ್ಟುಬಿಡುತ್ತದೆ, ತೊಂದರೆ ಅವಳ ಮೈಯಲ್ಲೇ ಇದೆ ಅಂತ.

ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. 2024ರ ಜುಲೈ 8ರಂದು ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ತೆರೆಯ ಮೇಲೆ ಅಂಗವೈಕಲ್ಯ ಇರುವವರನ್ನು ಹೇಗೆ ತೋರಿಸಬೇಕು ಅನ್ನುವ ಕೇಸು. ಅದರಲ್ಲಿ ಮೂರು ಪದಗಳನ್ನು ಹೆಸರು ಹಿಡಿದು ಹೇಳಿದ್ದಾರೆ: ಅಫ್ಲಿಕ್ಟೆಡ್, ಸಫರಿಂಗ್, ವಿಕ್ಟಿಮ್ (ಅಂದರೆ ಸಂತ್ರಸ್ತ). ವೈಕಲ್ಯವನ್ನು ಒಬ್ಬ ವ್ಯಕ್ತಿಯ ಹಣೆಬರಹದಂತೆ ತೋರಿಸಿ, ಸಮಾಜ ಒಡ್ಡುವ ಅಡ್ಡಿಗಳನ್ನು ಮರೆಸುವ ಇಂಥ ಮಾತುಗಳನ್ನು ಬಿಡಬೇಕು ಎಂಬುದು ಅದರ ಸಾರ.

ಹಾಗಾದರೆ ಹೇಗೆ ಬರೆಯುವುದು? ಮನುಷ್ಯರನ್ನು ಮೊದಲು ಇಡಿ, ಕಾಯಿಲೆಯನ್ನು ಆಮೇಲೆ. ‘ಎ ಪರ್ಸನ್ ವಿತ್ ಡಿಸೆಬಿಲಿಟಿ.’ 2016ರ ಅಂಗವಿಕಲರ ಹಕ್ಕುಗಳ ಕಾನೂನಿನ ಇಂಗ್ಲಿಷ್ ಹೆಸರಿನಲ್ಲೇ ಈ ಪ್ರಯೋಗ ಇದೆ. ಹಿಂದಿನ 1995ರ ಕಾನೂನಿನಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಹೊಸತರಲ್ಲಿ 21. ತಲಸ್ಸೀಮಿಯಾ, ಹೀಮೋಫೀಲಿಯಾದಂಥ ರಕ್ತದ ಕಾಯಿಲೆಗಳೂ ಅದರಲ್ಲಿವೆ. ಶೇಕಡಾ 40ಕ್ಕೆ ಕಮ್ಮಿಯಿಲ್ಲದ ವೈಕಲ್ಯ ಎಂದು ಸರ್ಟಿಫಿಕೇಟ್ ಇದ್ದವರಿಗೆ ಕಾನೂನು ಹೇಳುವುದು ‘ಪರ್ಸನ್ ವಿತ್ ಬೆಂಚ್‌ಮಾರ್ಕ್ ಡಿಸೆಬಿಲಿಟಿ’ ಎಂದು. ಅರ್ಜಿಯಲ್ಲಿ ಇದೇ ಪದ ಹಾಕಿ. ಬೆಂಚ್‌ಮಾರ್ಕ್ ಬಿಟ್ಟುಹೋದರೆ ಮೀಸಲಾತಿಯ ಕಾಗದ ಹಿಂದಕ್ಕೆ ಬರುವ ಸಂಭವ ಇದೆ.

‘ಹ್ಯಾವ್’ ಅನ್ನೂ ಮರೆಯಬೇಡಿ. ‘ಷಿ ಹ್ಯಾಸ್ ಎಪಿಲೆಪ್ಸಿ.’ ಅವಳಿಗೆ ಅಪಸ್ಮಾರ ಇದೆ. ನೋಡಿ, ನಮ್ಮ ಮಾತು ಮೊದಲಿನಿಂದಲೂ ಹೀಗೇ ಇತ್ತು! ‘ಅಜ್ಜನಿಗೆ ಸಕ್ಕರೆ ಕಾಯಿಲೆ ಇದೆ’ ಅನ್ನುವಾಗ ಅಜ್ಜ ಅಜ್ಜನಾಗಿಯೇ ಇರುತ್ತಾರೆ, ಕಾಯಿಲೆ ಪಕ್ಕದಲ್ಲಿ ಕೂತಿರುತ್ತದೆ. ‘ಮಧುಮೇಹ ಪೀಡಿತ’ ಅಂದ ಕೂಡಲೇ ಅಜ್ಜ ಕಾಣೆ. ಮೂರನೇ ಹಂತದಲ್ಲಿ ತಪ್ಪಿಗೆ ಕಾರಣ ಅಂದ ಆ ‘ಗೆ’ ಇಲ್ಲಿ ನಮ್ಮನ್ನು ಕಾಪಾಡುತ್ತದೆ.

ಈಗ ನಮ್ಮ ಜಿಲ್ಲೆಯ ದೊಡ್ಡ ಪ್ರಶ್ನೆ. ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷಯ ಬರೆಯುವಾಗ ಏನು ಮಾಡಬೇಕು? ಎಣ್ಮಕಜೆ, ಪಡ್ರೆ, ಬೆಳ್ಳೂರು ಕಡೆಯ ಓದುಗರು ಇದನ್ನೇ ಹೆಚ್ಚು ಕೇಳುತ್ತಾರೆ.

ಇಲ್ಲಿ ನನ್ನ ಉತ್ತರ ಸ್ವಲ್ಪ ಬೇರೆ. ಅಫ್ಲಿಕ್ಟೆಡ್ ಇಲ್ಲೂ ಬೇಡ, ಆದರೆ ಕಾರಣ ಅದಲ್ಲ. ಅಫ್ಲಿಕ್ಟೆಡ್ ಅಂದರೆ ಏನೋ ಬಂದು ಬಡಿಯಿತು, ಯಾರು ಬಡಿದರು ಅನ್ನುವುದಕ್ಕೆ ಆ ಪದದಲ್ಲಿ ಜಾಗವೇ ಇಲ್ಲ. ಆಕಾಶದಿಂದ ಬಿದ್ದ ಕಷ್ಟದ ಹಾಗೆ ಕೇಳುತ್ತದೆ. ಎಂಡೋಸಲ್ಫಾನ್ ಬಿದ್ದದ್ದು ಆಕಾಶದಿಂದಲೇ ಹೌದು. ಆದರೆ ಗೇರು ತೋಟಗಳ ಮೇಲೆ ಹಾರಿದ ಹೆಲಿಕಾಪ್ಟರಿನಿಂದ, ಎರಡು ದಶಕಕ್ಕೂ ಹೆಚ್ಚು ಕಾಲ. ಅಂಥ ಕಡೆ ‘ವಿಕ್ಟಿಮ್’ ಸರಿಯಾದ ಪದ. ವಿಕ್ಟಿಮ್ ಅಂದ ಕೂಡಲೇ ‘ಹಾಗಾದರೆ ಮಾಡಿದ್ದು ಯಾರು?’ ಎಂಬ ಪ್ರಶ್ನೆ ಹುಟ್ಟುತ್ತದೆ. ಪರಿಹಾರದ ಹಕ್ಕು ನಿಂತಿರುವುದು ಆ ಪ್ರಶ್ನೆಯ ಮೇಲೆ. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲಿ ಎಂಡೋಸಲ್ಫಾನಿನ ಉತ್ಪಾದನೆ, ಮಾರಾಟ, ಬಳಕೆ ನಿಲ್ಲಿಸಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ರಾಜ್ಯ ಸರಕಾರಕ್ಕೆ ಹೇಳಿತು. ಹಾಗಾಗಿ ಪರಿಹಾರ, ಪಿಂಚಣಿ, ಪಟ್ಟಿಗೆ ಸೇರಿಸುವ ಮನವಿ ಇಂಥ ಕಾಗದಗಳಲ್ಲಿ ‘ಎಂಡೋಸಲ್ಫಾನ್ ವಿಕ್ಟಿಮ್’ ಎಂದೇ ಬರೆಯಿರಿ.

2024ರ ತೀರ್ಪು ವಿಕ್ಟಿಮ್ ಬೇಡ ಅಂದಿತಲ್ಲ ಅಂತ ಕೇಳುತ್ತೀರಿ. ಸರಿಯಾದ ಪ್ರಶ್ನೆ. ವೈಕಲ್ಯಕ್ಕೆ ವಿಕ್ಟಿಮ್ ಅನ್ನಬೇಡಿ, ಆದ ಅನ್ಯಾಯಕ್ಕೆ ಅನ್ನಿ. ವ್ಯತ್ಯಾಸ ಅಲ್ಲಿದೆ. ಆ 2016ರ ಕಾನೂನು ಕೂಡ ಆ್ಯಸಿಡ್ ದಾಳಿಗೆ ಒಳಗಾದವರನ್ನು ‘ಆ್ಯಸಿಡ್ ಅಟ್ಯಾಕ್ ವಿಕ್ಟಿಮ್’ ಎಂದೇ ಕರೆದಿದೆ. ಅದೇ, ಎಂಡೋಸಲ್ಫಾನಿಗೆ ತುತ್ತಾದ ಒಂದು ಮಗುವಿನ ಶಾಲೆಯ ವರದಿ ಬರೆಯುತ್ತೀರಾದರೆ, ಬಹುಮಾನ ಬಂದ ಸುದ್ದಿ ಬರೆಯುತ್ತೀರಾದರೆ, ವಿಕ್ಟಿಮ್ ಬಿಟ್ಟು ಹೆಸರು ಬರೆಯಿರಿ. ಅವರ ಮನೆಯವರನ್ನು ಒಂದು ಮಾತು ಕೇಳುವುದು ಇನ್ನೂ ಒಳ್ಳೆಯದು. ಕೆಲವರಿಗೆ ಆ ಪದ ಬೇಕು, ಕೆಲವರಿಗೆ ಕೇಳಿ ಕೇಳಿ ಸಾಕಾಗಿದೆ.

8. ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ

ಇದು ಅನುವಾದ ಮಾಡುವವರಿಗೆ. ಉಳಿದವರು ಮುಂದಿನದಕ್ಕೆ ಹೋಗಬಹುದು.

ಪೀಡಿತ ಅನ್ನುವುದರ ಮೂಲದಲ್ಲಿ ಹಿಂಡುವುದು, ಒತ್ತುವುದು ಇದೆ. ಗ್ರಸ್ತ ಅಂದರೆ ನುಂಗಲ್ಪಟ್ಟದ್ದು, ಗ್ರಹಣದ ರಾಹುಗ್ರಸ್ತ ಸೂರ್ಯನ ಹಾಗೆ. ಋಣಗ್ರಸ್ತ, ರೋಗಗ್ರಸ್ತ ಎಲ್ಲ ಅದೇ ನುಂಗುವಿಕೆ. ಸಂತ್ರಸ್ತ ಅಂದರೆ ಮೂಲದಲ್ಲಿ ಹೆದರಿ ನಡುಗಿದವನು. ಈಗ ಪತ್ರಿಕೆಗಳಲ್ಲಿ ವಿಕ್ಟಿಮ್‌ಗೆ ಅದೇ ನಿಂತುಬಿಟ್ಟಿದೆ: ನೆರೆ ಸಂತ್ರಸ್ತರು, ಎಂಡೋಸಲ್ಫಾನ್ ಸಂತ್ರಸ್ತರು. ಮಲಯಾಳ ಪತ್ರಿಕೆಗಳಲ್ಲಿ ಇದೇ ಜನ ‘ದುರಿತಬಾಧಿತರ್’. ಮಲಯಾಳದ ಸುತ್ತೋಲೆ ನೋಡಿ ಕನ್ನಡ ಮಾಡುವವರು ‘ದುರಿತ ಬಾಧಿತರು’ ಅಂತ ಹಾಗೇ ಇಳಿಸುವುದುಂಟು. ಬೇಡ. ಕನ್ನಡದಲ್ಲಿ ದುರಿತಕ್ಕೆ ಪಾಪ ಎಂಬ ಅರ್ಥವೂ ಇದೆ. ವಿಷ ಸಿಂಪಡಿಸಿದ್ದು ಯಾರೋ, ಪಾಪ ಇವರ ತಲೆಗೆ ಯಾಕೆ?

ಅಂಗವೈಕಲ್ಯದ ಪದವೂ ಗಡಿ ದಾಟುವಾಗ ಬದಲಾಗುತ್ತದೆ. ಕೇರಳದ ಕಾಗದಗಳಲ್ಲಿ ‘ಭಿನ್ನಶೇಷಿ’, ಕರ್ನಾಟಕದ ಇಲಾಖೆಯ ಹೆಸರಿನಲ್ಲಿ ‘ವಿಕಲಚೇತನ’. ಮಂಗಳೂರಿನ ಕಚೇರಿಗೆ ಕೊಡುವ ಕಾಗದದಲ್ಲಿ ಭಿನ್ನಶೇಷಿ ಬರೆದರೆ ಅಲ್ಲಿನವರು ಕಣ್ಣು ಕಿರಿದು ಮಾಡುತ್ತಾರೆ.

ಅಫ್ಲಿಕ್ಟೆಡ್‌ಗೆ ಕನ್ನಡದಲ್ಲಿ ಒಂದೇ ಪದ ಹುಡುಕಬೇಡಿ. ವಾಕ್ಯವನ್ನು ಬಿಚ್ಚಿ. ‘ಎ ರೀಜನ್ ಅಫ್ಲಿಕ್ಟೆಡ್ ಬೈ ವಾರ್’ ಅಂದರೆ ಯುದ್ಧಪೀಡಿತ ಪ್ರದೇಶ ಆಗಬಹುದು, ಯುದ್ಧಕ್ಕೆ ನಲುಗಿದ ನಾಡು ಅಂದರೆ ಇನ್ನೂ ಚೆನ್ನ. ನಲುಗು, ಕಾಡು, ಬಾಧಿಸು, ಬಡಿ, ಹಿಡಿ, ತಗುಲು ಇಷ್ಟೆಲ್ಲ ಕ್ರಿಯಾಪದಗಳು ಕೈಯಲ್ಲಿರುವಾಗ ‘ಪೀಡಿತ’ವನ್ನೇ ಎಳೆಯುವುದು ಯಾಕೆ?

ಇಂಗ್ಲಿಷಿನಲ್ಲಿ ‘ದ ಅಫ್ಲಿಕ್ಟೆಡ್’ ಅಂತ ಬಂದರೆ ಅದು ಬಹುವಚನ, ನೊಂದವರು ಅಂತ. ‘ದ ಪೂರ್’ ಅಂದರೆ ಬಡವರು ಆದ ಹಾಗೆ. ಕೊನೆಗೆ ‘ಎಸ್’ ಸೇರಿಸಬಾರದು. ಒಬ್ಬನೇ ಆದರೆ ‘ಆ್ಯನ್ ಅಫ್ಲಿಕ್ಟೆಡ್ ಪರ್ಸನ್’. ನಾಮಪದ ‘ಅಫ್ಲಿಕ್ಷನ್’, ಅಂದರೆ ಬೇನೆ, ಕಾಡುವ ಕಷ್ಟ.

9. ಕೊಡುವ ಮೊದಲು ಸರ್ಟಿಫಿಕೇಟಿನ ಜೊತೆ ಹೋಲಿಸಿ

ಕಾಯಿಲೆಯ ಹೆಸರು ಡಾಕ್ಟರು ಬರೆದ ಹಾಗೇ ಇರಲಿ, ಅಕ್ಷರಕ್ಕೆ ಅಕ್ಷರ. ಅವರು ‘ಕ್ರಾನಿಕ್ ಕಿಡ್ನಿ ಡಿಸೀಸ್’ ಎಂದಿದ್ದರೆ ನೀವು ‘ಕಿಡ್ನಿ ಫೇಲ್ಯೂರ್’ ಅನ್ನಬೇಡಿ. ಕ್ರಾನಿಕ್ ಅಂದರೆ ಬಹುಕಾಲದ್ದು, ‘ತುಂಬಾ ಜೋರಿನದ್ದು’ ಅಲ್ಲ. ಫೋನಿನಲ್ಲಿ ಅನುವಾದ ಮಾಡಿಸಿದ್ದರೆ ಅದು ಕೊಟ್ಟದ್ದನ್ನು ಹಾಗೇ ಅಂಟಿಸಬೇಡಿ. ಅದೇ ವಾಕ್ಯವನ್ನು ತಿರುಗಿ ಕನ್ನಡಕ್ಕೆ ಮಾಡಿಸಿ ನೋಡಿ. ಹೊಡೆದವರು, ಹೊಡೆಸಿಕೊಂಡವರು ಅದಲು ಬದಲಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಚಿಕಿತ್ಸಾ ಸಹಾಯಕ್ಕೆ ಒಂದು ಮಾದರಿ. ಹೆಸರು, ವರ್ಷ ನಿಮ್ಮದು ಹಾಕಿಕೊಳ್ಳಿ: ‘ಮೈ ಮದರ್ ಹ್ಯಾಸ್ ಕ್ರಾನಿಕ್ ಕಿಡ್ನಿ ಡಿಸೀಸ್. ಷಿ ವಾಸ್ ಡಯಾಗ್ನೋಸ್ಡ್ ಇನ್ 2022. ಷಿ ನೀಡ್ಸ್ ಡಯಾಲಿಸಿಸ್ ಥ್ರೀ ಟೈಮ್ಸ್ ಎ ವೀಕ್.’ ಮೂರು ವಾಕ್ಯ, ಒಂದರಲ್ಲೂ ಅಫ್ಲಿಕ್ಟೆಡ್ ಇಲ್ಲ, ಅಂಗಲಾಚಿದ್ದೂ ಇಲ್ಲ. ವಾರಕ್ಕೆ ಎಷ್ಟು ಸಲ ಅನ್ನುವುದನ್ನು ಡಾಕ್ಟರು ಬರೆದ ಹಾಗೇ ಹಾಕಿ. ಕೆಳಗೆ ಒಂದು ತಿಂಗಳಿಗೆ ಆಗುವ ಖರ್ಚು, ಬಿಲ್ಲುಗಳ ನಕಲು.

ಇನ್ನೊಂದು, ಸಂತಾಪದ ಕಾಗದ. ಇದನ್ನು ಕೇಳುವವರೂ ಇದ್ದಾರೆ. ಮನೆಯಲ್ಲಿ ಸಾವಾದವರಿಗೆ ‘ಯುವರ್ ಅಫ್ಲಿಕ್ಷನ್’ ಅಂತ ಬರೆಯಬೇಡಿ. ‘ಐ ಆಮ್ ಸಾರಿ ಫಾರ್ ಯುವರ್ ಲಾಸ್’ ಅಂತ ಬರೆದು ಹೆಸರು ಹಾಕಿ. ಮನೆ ಹತ್ತಿರವೇ ಇದ್ದರೆ ಕಾಗದ ಬಿಡಿ, ಹೋಗಿ ಕೂತು ಬನ್ನಿ.